ಅರ್ಧ ಮಗನದು, ಅರ್ಧ ಅಪ್ಪನದು

(ಓದುಗರ ಪ್ರಶ್ನೆಗಳಿಗೆ ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಉತ್ತರ)

ಪ್ರಶ್ನೆ: ಮೇಡಂ, ನನ್ನ ಮಗನಿಗೆ 24 ವರ್ಷ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಐದು ತಿಂಗಳ ಹಿಂದೆ ಬಿಟ್ಟು ಬಂದ. ರೂಮು ಬಿಟ್ಟು ಹೊರಗೆ ಬರುವುದೇ ಇಲ್ಲ. ಮನೋವೈದ್ಯರಿಗೆ ತೋರಿಸಿದೆವು. ಪರ್ಸನಾಲಿಟಿ ಟೆಸ್ಟ್ ಮಾಡಿಸಿ ಅಂದರು. 567 ವಾಕ್ಯಗಳು, ಒಂದೊಂದಕ್ಕೂ ಸರಿ ಅಥವಾ ತಪ್ಪು ಅಂತ ಗುರುತು ಹಾಕಬೇಕು. ಅಲ್ಲಿ ಅರ್ಧ ಮಾಡಿದ. ಬಸ್ಸಿಗೆ ಹೊತ್ತಾಯಿತು ಅಂತ ಉಳಿದದ್ದನ್ನು ಮನೆಗೆ ಕೊಟ್ಟರು. ಮನೆಯಲ್ಲಿ ಅವನು ಮುಟ್ಟಲೇ ಇಲ್ಲ. ಕೊನೆಗೆ ನಾನೇ ತುಂಬಿದೆ. ಎಲ್ಲದಕ್ಕೂ ಒಳ್ಳೆಯ ಉತ್ತರವನ್ನೇ ಹಾಕಿದ್ದೇನೆ. ಆದರೂ ರಿಪೋರ್ಟಿನಲ್ಲಿ ‘ಈ ಉತ್ತರಗಳಿಂದ ಏನೂ ಹೇಳಲಾಗದು, ಮತ್ತೊಮ್ಮೆ ಮಾಡಿಸಿ’ ಅಂತ ಬರೆದಿದ್ದಾರೆ. ದುಡ್ಡು ತೆಗೆದುಕೊಂಡು ಹೀಗೆ ಬರೆದರೆ ಹೇಗೆ? ಇದರ ಬದಲು ಇಂಕಿನ ಕಲೆ ತೋರಿಸುವ ಟೆಸ್ಟ್ ಮಾಡಿಸಿದರೆ ಒಳಗಿರುವುದೆಲ್ಲ ಹೊರಗೆ ಬರುತ್ತದಂತೆ, ನಿಜವೇ? ಮದುವೆ ಮಾತುಕತೆಯೂ ನಡೆಯುತ್ತಿದೆ. ಒಳ್ಳೆಯ ರಿಪೋರ್ಟ್ ಬಂದರೆ ಹುಡುಗಿ ಕಡೆಯವರಿಗೆ ತೋರಿಸಬಹುದೇ?
– ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು

ಉತ್ತರ: ನೀವೇ ತುಂಬಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ಒಳ್ಳೆಯದಾಯಿತು. ಯಾಕೆಂದರೆ ಟೆಸ್ಟ್ ನಿಮ್ಮನ್ನು ಆಗಲೇ ಹಿಡಿದುಹಾಕಿದೆ.

ಔಟ್‌ಟರ್ನ್ (ಒಣ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನೋಡಲು ಕೊಟ್ಟ ಸ್ಯಾಂಪಲ್ಲಿನಲ್ಲಿ ಅರ್ಧ ನಿಮ್ಮ ತೋಟದ ಕಾಫಿ, ಅರ್ಧ ಪಕ್ಕದ ತೋಟದ್ದು ಬೆರೆಸಿದ್ದರೆ ವ್ಯಾಪಾರಿ ಏನು ರೇಟು ಹೇಳಬೇಕು? ರಿಪೋರ್ಟ್ ಬರೆದವರ ಕಷ್ಟವೂ ಅದೇ. ‘ಹೇಳಲಾಗದು’ ಅಂತ ಬರೆದದ್ದು ಪ್ರಾಮಾಣಿಕ ಕೆಲಸ. ಆದರೆ ಟೆಸ್ಟನ್ನು ಮನೆಗೆ ಕೊಟ್ಟು ಕಳಿಸಿದ್ದು ತಪ್ಪು. ನಾನೂ ಆ ತಪ್ಪು ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬಳು ಹುಡುಗಿಗೆ ಮನೆಗೆ ಕೊಟ್ಟಿದ್ದೆ. ಹಾಳೆ ವಾಪಸ್ ಬಂದಾಗ ಮೊದಲ ಇನ್ನೂರು ಗುರುತು ತೆಳ್ಳಗೆ, ಪೆನ್ಸಿಲ್ ತಾಗಿಯೂ ತಾಗದ ಹಾಗೆ. ಅಲ್ಲಿಂದಾಚೆ ಒತ್ತಿ ಒತ್ತಿ, ಹಾಳೆಯ ಹಿಂದಕ್ಕೆ ಉಬ್ಬುವಷ್ಟು. ಅವಳಮ್ಮ ಟೀಚರು! ಅವತ್ತಿನಿಂದ ಟೆಸ್ಟ್ ನನ್ನ ರೂಮಿನ ಬಾಗಿಲು ದಾಟಿಲ್ಲ.

567 ಅಂದ ಕೂಡಲೇ ಅದು ಎಂಎಂಪಿಐ-2 (ಮಿನ್ನೆಸೋಟ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ ಅನ್ನುವ ಟೆಸ್ಟಿನ ಎರಡನೇ ಆವೃತ್ತಿ) ಅಂತ ಗೊತ್ತಾಯಿತು. ಅದರೊಳಗೆ ಕಾಯಿಲೆಯ ಲಕ್ಷಣ ನೋಡುವ ಅಳತೆಗಳ ಜೊತೆಗೆ ಉತ್ತರ ಕೊಟ್ಟವರನ್ನೇ ನೋಡುವ ಅಳತೆಗಳೂ ಇವೆ. ಒಂದೇ ಅರ್ಥದ ಮಾತು ಬೇರೆ ಬೇರೆ ಕಡೆ ಬರುತ್ತದೆ. ಇಲ್ಲಿ ಸರಿ ಅಂದವರು ಅಲ್ಲಿ ತಪ್ಪು ಅಂದರೆ ಲೆಕ್ಕಕ್ಕೆ ಸಿಗುತ್ತದೆ. ಇನ್ನು 15 ವಾಕ್ಯಗಳು ಸಣ್ಣಪುಟ್ಟ ದೌರ್ಬಲ್ಯಗಳ ಬಗ್ಗೆ. ಯಾರ ಮೇಲೂ ಸಿಟ್ಟು ಬಂದಿಲ್ಲ, ಒಂದು ಸುಳ್ಳೂ ಆಡಿಲ್ಲ ಅನ್ನುವವರು ಭೂಮಿ ಮೇಲೆ ಇದ್ದಾರಾ? ಮಗನ ಹೆಸರಿನಲ್ಲಿ ನೀವು ‘ಒಳ್ಳೆಯ ಉತ್ತರ’ ಹಾಕುತ್ತಾ ಹೋದಿರಿ. ಮೊದಲರ್ಧದಲ್ಲಿ ಕಂಗೆಟ್ಟ ಹುಡುಗ, ಎರಡನೇ ಅರ್ಧದಲ್ಲಿ ಸಾಕ್ಷಾತ್ ಹರಿಶ್ಚಂದ್ರ. ಮಾದರಿ ವಾಕ್ಯ ಕಳಿಸಿ ಅಂತ ಮಾತ್ರ ಕೇಳಬೇಡಿ. ಮೊದಲೇ ಓದಿಕೊಂಡು ಬಂದರೆ ಟೆಸ್ಟ್ ಕೆಡುತ್ತದೆ.

ಟೆಸ್ಟ್ ಸರಿಯಾಗಿ ನಡೆದರೂ ಅದನ್ನು ಕಣ್ಣು ಮುಚ್ಚಿ ಒಪ್ಪುವ ಹಾಗಿಲ್ಲ. ಇದು ಅಮೆರಿಕದ ಮಿನ್ನೆಸೋಟದಲ್ಲಿ ಹುಟ್ಟಿದ್ದು. ಸ್ಟಾರ್ಕ್ ಹ್ಯಾಥವೇ ಮತ್ತು ಜೆ.ಸಿ. ಮೆಕಿನ್ಲಿ 1943ರಲ್ಲಿ ಹೊರತಂದರು. ರೋಗಿಗಳ ಉತ್ತರವನ್ನು ಯಾರ ಉತ್ತರದ ಜೊತೆ ಹೋಲಿಸಿದರು ಅಂತೀರಿ? ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದಿದ್ದ 724 ನೆಂಟರಿಷ್ಟರು. 1989ರಲ್ಲಿ ಎರಡನೇ ಆವೃತ್ತಿಗೆ 2,600 ಜನರನ್ನು ಸೇರಿಸಿದರು, ಅವರೂ ಅಮೆರಿಕದವರೇ. ಬೇಲೂರಿನವರಾಗಲಿ ಆಲೂರಿನವರಾಗಲಿ ಅದರಲ್ಲಿಲ್ಲ. ಊರಹಬ್ಬದಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡೇ ಬೆಳೆದವರು ಅಂಥದೊಂದು ವಾಕ್ಯಕ್ಕೆ ಹೌದು ಅಂದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಲಾಗುತ್ತದಾ? ಕೂರಿಸಿಕೊಂಡು ಕೇಳಬೇಕು.

ಭಾಷೆಯ ತೊಡಕು ಇನ್ನೂ ಮಜವಾಗಿದೆ. ನಾನೇ ಕಟ್ಟಿದ ಒಂದು ವಾಕ್ಯ ನೋಡಿ: ‘ನನಗೆ ತಲೆನೋವು ಬರುವುದಿಲ್ಲ.’ ತಲೆನೋವೇ ಇಲ್ಲದವರು ‘ಸರಿ’ ಅನ್ನಬೇಕು ತಾನೇ? ನಮ್ಮವರು ಹಾಗೆ ಹೇಳುವುದಿಲ್ಲ. ‘ಇಲ್ಲ ಮೇಡಂ, ಬರಲ್ಲ’ ಅನ್ನುತ್ತಾರೆ. ಬಾಯಿ ಇಲ್ಲ ಅಂದ ಕೂಡಲೇ ಕೈ ‘ತಪ್ಪು’ ಕಡೆಗೆ ಹೋಗುತ್ತದೆ. ಇಲ್ಲದ ತಲೆನೋವು ಹಾಳೆಯ ಮೇಲೆ ಬಂದು ಕೂರುತ್ತದೆ. ಹೀಗೆ ಅನುವಾದ ಮಾಡಿದ ಯಾವುದೇ ಟೆಸ್ಟ್ ಕೊಡುವಾಗ ನಾನು ಮೊದಲ ಹತ್ತು ವಾಕ್ಯ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರುತ್ತೇನೆ.

ಕೊನೆಗೆ ಸಿಗುವುದು ಒಂದೊಂದು ಅಳತೆಗೂ ಬಂದ ಅಂಕ ತೋರಿಸುವ ಒಂದು ಗ್ರಾಫು. 50 ಸರಾಸರಿ. 65ರ ಗೆರೆ ದಾಟಿದ್ದನ್ನು ಗಮನಿಸಿ ನೋಡುತ್ತೇವೆ, ಅಷ್ಟೆ. ಗೆರೆ ದಾಟಿದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ನಿದ್ದೆ, ಊಟ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ, ಬೆಂಗಳೂರಿನಲ್ಲಿ ಏನಾಯಿತು, ಇವೆಲ್ಲದರ ಜೊತೆ ಇಟ್ಟು ನೋಡಿದರೇನೇ ಗ್ರಾಫಿಗೆ ಅರ್ಥ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಕುಗ್ಗುತ್ತದೆ. ಅದನ್ನು ಹೇಳುವುದು ರಕ್ತಪರೀಕ್ಷೆ, 567 ವಾಕ್ಯಗಳಲ್ಲ.

ಇಂಕಿನ ಕಲೆಯ ಟೆಸ್ಟ್ ರೋರ್ಶಾಕ್ ಅಂತ. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ 10 ಕಾರ್ಡುಗಳು. ಅದು ಮನಸ್ಸಿನ ಎಕ್ಸ್‌ರೇ ಅಲ್ಲ. ಯೋಚನೆಯ ಸರಣಿ ದಾರಿ ತಪ್ಪುತ್ತಿದೆಯಾ ಅನ್ನುವ ಅನುಮಾನ ಇದ್ದಾಗ ಒಂದಿಷ್ಟು ಉಪಯೋಗಕ್ಕೆ ಬರುತ್ತದೆ. ಅದರಾಚೆಗೆ ನಮ್ಮ ವೃತ್ತಿಯವರಲ್ಲೇ ಜಗಳವಿದೆ. ನಾನು ಬಳಸುವುದು ಕಡಿಮೆ. ಸುಮ್ನೆ ‘ಒಂದು ಸಲ ಮಾಡಿಸೋಣ’ ಅಂತ ಯಾವ ಟೆಸ್ಟನ್ನೂ ಮಾಡಿಸಬೇಡಿ.

ಹುಡುಗಿ ಕಡೆಯವರಿಗೆ ರಿಪೋರ್ಟ್ ತೋರಿಸುವ ಮಾತು ಬಿಟ್ಟುಬಿಡಿ. ಇದು ಮದುವೆಗೆ ಕೊಡುವ ಸರ್ಟಿಫಿಕೇಟ್ ಅಲ್ಲ. ನಿಮ್ಮ ಮಗ ವಯಸ್ಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿಚಾರ ಗುಟ್ಟಾಗಿರುವುದು ಅವನ ಹಕ್ಕು. ಹುಡುಗಿಗೆ ಏನಾದರೂ ಹೇಳುವುದಿದ್ದರೆ ಅವನೇ ಹೇಳಲಿ, ಚೇತರಿಸಿಕೊಂಡ ಮೇಲೆ. ರೂಮಿನಿಂದ ಹೊರಗೇ ಬಾರದವನಿಗೆ ಈಗ ಹೆಣ್ಣು ನೋಡುವ ಅವಸರ ಯಾಕೆ?

ಟೆಸ್ಟ್ ಕೊಟ್ಟ ಅದೇ ಸೈಕಾಲಜಿಸ್ಟ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿ. ಫೀಸಿನ ಬಗ್ಗೆಯೂ ಬಾಯಿಬಿಟ್ಟು ಕೇಳಿ. ಮಗ ಅಲ್ಲೇ ಕೂತು ಟೆಸ್ಟನ್ನು ಮತ್ತೆ ಮಾಡಲಿ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಬೇಕು. ದಣಿದರೆ ನಡುವೆ ಕಾಫಿ ಕುಡಿದು ಬಂದು ಮುಂದುವರಿಸಬಹುದು. ನೀವು ಹೊರಗೆ ಕೂತಿರಿ.

ಇನ್ನೊಂದು ಮಾತು. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಟೆಸ್ಟ್ ಇದೆ, ದುಡ್ಡು ಇದೆ, ಬಸ್ಸು ಇದೆ, ಮದುವೆ ಇದೆ. ಮಗ ಏನು ಹೇಳುತ್ತಾನೆ ಅನ್ನುವುದು ಒಂದು ಸಾಲೂ ಇಲ್ಲ. ರಾತ್ರಿ ಊಟಕ್ಕೆ ಕರೆಯುವಾಗ ಬಾಗಿಲಲ್ಲೇ ನಿಂತು ವಾಪಸ್ ಬರಬೇಡಿ, ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತಿರಿ. ಸಾಯುವ ಮಾತೇನಾದರೂ ಆಡಿದರೆ ಟೆಸ್ಟಿಗೆಲ್ಲ ಕಾಯದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಪ್ರಶ್ನೆ: ಮೊಬೈಲಿನಲ್ಲಿ ಟೆಸ್ಟ್ ಮಾಡಿದೆ, ನಾಲ್ಕು ಇಂಗ್ಲಿಷ್ ಅಕ್ಷರ ಬಂತು. ನಾನು ಅಂತರ್ಮುಖಿಯಂತೆ. ಓದಿದರೆ ಪೂರಾ ನನ್ನದೇ ವಿವರ! ಸಿಕ್ಕಿರುವ ಸೇಲ್ಸ್ ಕೆಲಸ ಬಿಡಲೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ‘ನಿಮ್ಮ ಸ್ವಭಾವ’ ಅಂತ ಒಂದು ಚೀಟಿ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಹಾಕಿಸಿದರೆ ಸರಾಸರಿ ನಾಲ್ಕರ ಮೇಲೆ ಬಂತು. ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಆ ನಾಲ್ಕಕ್ಷರದ ಟೆಸ್ಟನ್ನು ಕ್ಲಿನಿಕ್ಕಿನಲ್ಲಿ ನಾವು ಬಳಸುವುದಿಲ್ಲ. ಕೆಲಸಕ್ಕೆ ಹೋಗಿ ಮೂರು ತಿಂಗಳು ನೋಡಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅಂತ ಹೇಳಿಯೇ ಬಿಡಿ.