ಕಂಬದ ಹಿಂದೆ ಕೂತು ನೋಡಿದ ಆಟ

ಪ್ರಶ್ನೆ: ಮಗ ಬಾಸ್ಟನ್‌ನಲ್ಲಿದ್ದಾನೆ. ಮುಂದಿನ ತಿಂಗಳು ನಾವಿಬ್ಬರೂ ಹೋಗುತ್ತಿದ್ದೇವೆ. ಬೇಸ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಮಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಮಗಳ ಮನೆಗೆ ಹೋದಾಗ ನೀವು ನೋಡಿದ್ದೀರಂತೆ. ಬೋರ್ ಆಗುವುದಿಲ್ಲವೇ?
- ಓದುಗರೊಬ್ಬರು, ಸುರತ್ಕಲ್

ಉತ್ತರ: ಮೊದಲ ಅರ್ಧ ಗಂಟೆ ಆಗುತ್ತದೆ. ಸುಳ್ಳು ಯಾಕೆ ಹೇಳಲಿ?

ನಾನು ಹೋದದ್ದು ಮಗಳ ಬಾಣಂತನಕ್ಕೆ. ಮೂರು ತಿಂಗಳು ಮನೆಯೊಳಗೇ ಇದ್ದು ಸಾಕಾಗಿತ್ತು. "ಆಟಕ್ಕೆ ಹೋಗುವ ಅತ್ತೆ" ಎಂದ ಅಳಿಯ. ಉಡುಪಿಯವಳಿಗೆ ಆಟ ಅಂದರೆ ಯಕ್ಷಗಾನ ಅಲ್ವಾ? ಒಂದು ಕ್ಷಣ ಕಿವಿಯಲ್ಲಿ ಚೆಂಡೆ ಬಾರಿಸಿದ ಹಾಗಾಯಿತು. ಹೋಗಿದ್ದು ಮಾತ್ರ ಫೆನ್‌ವೇ ಪಾರ್ಕಿಗೆ, ಬಾಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್‌ನ ಮೈದಾನಕ್ಕೆ. ಅಳಿಯನ ಇಬ್ಬರು ಗೆಳೆಯರೂ ಜೊತೆಗಿದ್ದರು, ಒಬ್ಬ ನಮ್ಮ ಪುತ್ತೂರಿನವನೇ.

1912ರಲ್ಲಿ ಶುರುವಾದ ಸ್ಟೇಡಿಯಂ ಅದು. ಮರದ ಕುರ್ಚಿಗಳು, ಮೊಣಕಾಲಿಗೆ ಜಾಗವಿಲ್ಲ. ಮಾಡಿಗೆ ಆಧಾರವಾಗಿ ಅಲ್ಲಲ್ಲಿ ಕಂಬಗಳು. ನಮ್ಮ ಸೀಟು ಸರಿಯಾಗಿ ಒಂದು ಕಂಬದ ಹಿಂದೆ! ಡೇರೆ ಮೇಳದ ಆಟದಲ್ಲಿ ತಡವಾಗಿ ಹೋದರೆ ಸಿಗುವಂಥ ಜಾಗ. "ಡಾಲರ್ ಕೊಟ್ಟು ಕಂಬ ನೋಡುವುದಾ?" ಎಂದು ನಮ್ಮವರು ಗೊಣಗಿದರು. ನಾನು ಎಡಕ್ಕೆ ಬಾಗಿದರೆ ಚೆಂಡು ಎಸೆಯುವವ ಕಾಣುತ್ತಿದ್ದ, ಬಲಕ್ಕೆ ಬಾಗಿದರೆ ಹೊಡೆಯುವವ. ಇಬ್ಬರೂ ಒಟ್ಟಿಗೆ ಕಾಣಲೇ ಇಲ್ಲ.

ರೂಲು ಜಾಸ್ತಿ ಬೇಡ. ಚೆಂಡು ನೆಲಕ್ಕೆ ಬಡಿಯದೆ ಬರುತ್ತದೆ, ನಮ್ಮ ಫುಲ್‌ಟಾಸ್ ಹಾಗೆ. ಚೆನ್ನಾಗಿ ಬಂದ ಮೂರು ಚೆಂಡು ತಪ್ಪಿದರೆ ಔಟ್. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಇನ್ನಿಂಗ್ಸ್. ಚೆಂಡು ಗೆರೆಯೊಳಗೆ ಮುಂದಕ್ಕೆ ಹೋದರೆ ಓಡಲೇಬೇಕು, ಕುಟ್ಟಿ ನಿಲ್ಲುವ ಹಾಗಿಲ್ಲ. ಮೊದಲ ಹೊಡೆತಕ್ಕೇ ನಮ್ಮವರು ಎದ್ದು ನಿಂತರು. "ಬ್ಯಾಟ್ ಬಿಸಾಡಿ ಓಡಿದ ಮಾರಾಯ್ತಿ!" ಮುಂದಿನ ಸಾಲಿನ ಅಜ್ಜ ತಿರುಗಿ ನೋಡಿ ನಕ್ಕ.

ಮಗ ಎರಡು ವಿಷಯ ತೋರಿಸದೆ ಕರೆತಂದರೆ ಬೈಯಿರಿ. ಎಡಗಡೆಯ ಹಸಿರು ಗೋಡೆ, ಎತ್ತರ 37 ಅಡಿ. ಅದರ ಬುಡದಲ್ಲಿ ಸ್ಕೋರ್ ಬೋರ್ಡು. ಗೋಡೆಯೊಳಗೆ ಜನ ಕೂತು ಕೈಯಲ್ಲೇ ಅಂಕಿ ಬದಲಿಸುತ್ತಾರೆ. ಇಷ್ಟೊಂದು ಕಂಪ್ಯೂಟರ್ ಇರುವ ಊರಲ್ಲಿ! ಇನ್ನೊಂದು, ಬಲಗಡೆ ದೂರದಲ್ಲಿ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ. 1946ರಲ್ಲಿ ರೆಡ್ ಸಾಕ್ಸ್ ಆಟಗಾರ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿಗೆ ಬಿತ್ತಂತೆ. ಬಿದ್ದದ್ದು ಒಬ್ಬನ ತಲೆಯ ಮೇಲೆ. ಪುಣ್ಯಕ್ಕೆ ಹುಲ್ಲಿನ ಟೊಪ್ಪಿ ಇತ್ತು, ಅದು ತೂತಾಯಿತು. ಕಂಬದ ಸಿಟ್ಟು ಮರೆತು ನಮ್ಮವರು ಆ ಕುರ್ಚಿಯನ್ನೇ ನೋಡುತ್ತಾ ಕೂತರು.

ತಿನ್ನಲು ಸಸ್ಯಾಹಾರಿಗಳಿಗೆ ಸಿಪ್ಪೆ ಸಮೇತ ಹುರಿದ ನೆಲಗಡಲೆಯಂತೂ ಸಿಗುತ್ತದೆ. ಸಿಪ್ಪೆ ಅಲ್ಲೇ ಕಾಲಬುಡಕ್ಕೆ ಹಾಕುತ್ತಾರೆ. ನಾನು ಮಾತ್ರ ಎಲ್ಲವನ್ನೂ ಪರ್ಸಿನಲ್ಲಿ ತುಂಬಿಸಿಕೊಂಡು ಮನೆಗೆ ತಂದೆ. ಮಗಳು ಇವತ್ತಿಗೂ ತಮಾಷೆ ಮಾಡುತ್ತಾಳೆ. ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ಮೈ ಮುರಿದು ಹಾಡುತ್ತಾರೆ. ನೀವೂ ಏಳಿ, ಸೊಂಟಕ್ಕೆ ಒಳ್ಳೆಯದು.

ಅಲ್ಲಿ ಪ್ರೇಕ್ಷಕರತ್ತ ಬಂದ ಚೆಂಡನ್ನು ವಾಪಸ್ ಕೊಡುವುದಿಲ್ಲ, ಹಿಡಿದವರಿಗೇ ಸೇರುತ್ತದೆ. ನಮಗೆ ಸಿಗಲಿಲ್ಲ ಬಿಡಿ. ಆದರೆ ಊರಿಗೆ ಬಂದ ಮೇಲೆ ಹಿತ್ತಿಲಿಗೆ ಬಿದ್ದ ಹುಡುಗರ ಟೆನಿಸ್ ಬಾಲ್ ಹಿಡಿದುಕೊಂಡು ನಮ್ಮವರು "ಇದು ಅಮೆರಿಕದ ರೂಲು" ಎಂದು ಸತಾಯಿಸುವುದುಂಟು.

ರಾತ್ರಿ ಮ್ಯಾಚಾದರೆ ಸ್ವೆಟರ್ ಹಿಡಿದುಕೊಳ್ಳಿ. ಟಿಕೆಟ್ ತೆಗೆಯುವ ಮೊದಲು ಕಂಬದ ವಿಷಯ ಮಗನಿಗೆ ಹೇಳಿಬಿಡಿ.