ನಾಸ್ಟ್ರಾನ್ ಮಾಡೆಲ್‌ನಲ್ಲಿ ಶೆಲ್, ಬೀಮ್ ಪ್ರಾಪರ್ಟಿಗಳನ್ನು ಸರಿಯಾಗಿ ಕೊಡುವುದು ಹೇಗೆ? ಬೀಮ್ ಸ್ಟ್ರೆಸ್ ಸೊನ್ನೆ ಬರುತ್ತಿದೆ

ನೀವು ಕೇಳಿರುವುದು ಇಷ್ಟು: 6 ಮಿಮೀ ಉಕ್ಕಿನ ಪ್ಲೇಟು, ಅದರಡಿ 100×50×4 ಆಯತಾಕಾರದ ಟ್ಯೂಬಿನ ಫ್ರೇಮು, ಮೇಲೆ 45 ಕೆಜಿ ಮೋಟಾರು. ನಾಸ್ಟ್ರಾನ್ (ರಚನೆಗಳ ಬಲ, ಕಂಪನ ಲೆಕ್ಕ ಹಾಕುವ ಸಾಫ್ಟ್‌ವೇರ್) ಮಾಡೆಲಿನಲ್ಲಿ ಪ್ಲೇಟಿಗೆ ಶೆಲ್ (ತೆಳು ತಟ್ಟೆಯ) ಎಲಿಮೆಂಟ್, ಟ್ಯೂಬಿಗೆ ಬಾರ್ (ಒಂದು ಬಗೆಯ ಬೀಮ್, ಅಂದರೆ ತೊಲೆಯ) ಎಲಿಮೆಂಟ್. ರನ್ ಎರರ್ ಇಲ್ಲದೆ ಮುಗಿಯುತ್ತದೆ, ಆದರೆ ಬಾರ್‌ಗಳಲ್ಲಿ ಬೆಂಡಿಂಗ್ ಸ್ಟ್ರೆಸ್ ಸೊನ್ನೆ, ಮೊದಲ ಫ್ರೀಕ್ವೆನ್ಸಿ 1 ಹರ್ಟ್ಸ್ ಆಸುಪಾಸು.

ಸ್ಟ್ರೆಸ್ ಸೊನ್ನೆ ಬರುವುದಕ್ಕೆ ಕಾರಣ ಹೆಚ್ಚುಕಮ್ಮಿ ಖಚಿತ: ಪಿಬಾರ್ ಕಾರ್ಡಿನ (ಇನ್‌ಪುಟ್ ಫೈಲಿನಲ್ಲಿ ಬಾರ್‌ನ ಪ್ರಾಪರ್ಟಿ ಹೇಳುವ ನಮೂದಿನ) ಎರಡನೇ ಸಾಲನ್ನು ಖಾಲಿ ಬಿಟ್ಟಿದ್ದೀರಿ. ಫ್ರೀಕ್ವೆನ್ಸಿಗೆ ಮೊದಲು ಅನುಮಾನಿಸಬೇಕಾದದ್ದು ಡೆನ್ಸಿಟಿಯನ್ನು. ಈ ಎರಡಕ್ಕೆ ಸೀಮಿತವಾಗದೆ ಎಲ್ಲವನ್ನೂ ಒಮ್ಮೆ ನೋಡೋಣ. ನಾಸ್ಟ್ರಾನ್‌ನಲ್ಲಿ ಖಾಲಿ ಜಾಗ ಎಂದರೆ "ನೀನೇ ಏನಾದರೂ ಸರಿಯಾದದ್ದು ಹಾಕಿಕೋ" ಎಂದಲ್ಲ. ಕೆಲವು ಕಡೆ ಅದು ಸೊನ್ನೆ, ಕೆಲವು ಕಡೆ ಅನಂತ, ಕೆಲವು ಕಡೆ ಮಾತ್ರ ಒಪ್ಪುವಂಥ ಡೀಫಾಲ್ಟ್. ಯಾವುದು ಎಲ್ಲಿ ಎನ್ನುವುದು ಗೊತ್ತಿದ್ದರೆ ಅರ್ಧ ತಪ್ಪುಗಳು ಬರುವುದೇ ಇಲ್ಲ.

ಮೊದಲು ಮಟೀರಿಯಲ್. ಉದ್ದ ಮಿಮೀ, ಬಲ ನ್ಯೂಟನ್, ಕಾಲ ಸೆಕೆಂಡ್ ಎಂದು ಹಿಡಿದರೆ ದ್ರವ್ಯರಾಶಿ ಟನ್‌ನಲ್ಲೇ ಇರಬೇಕು, ಬೇರೆ ದಾರಿಯಿಲ್ಲ. ಆಗ ಉಕ್ಕಿನ ಮ್ಯಾಟ್1 ಕಾರ್ಡಿಗೆ ಯಂಗ್ಸ್ ಮಾಡ್ಯುಲಸ್ 210000., ಪಾಯ್ಸನ್ ಅನುಪಾತ 0.3, ಡೆನ್ಸಿಟಿ 7.85-9 (ಘಾತವನ್ನು ನಾಸ್ಟ್ರಾನ್‌ನಲ್ಲಿ ಹೀಗೇ, ನಡುವೆ ಅಕ್ಷರವಿಲ್ಲದೆ ಬರೆಯಬಹುದು). ಶಿಯರ್ ಮಾಡ್ಯುಲಸ್ ಜಾಗವನ್ನು ಖಾಲಿ ಬಿಡಿ; ಇದು ಒಪ್ಪುವಂಥ ಡೀಫಾಲ್ಟ್, ಉಳಿದೆರಡರಿಂದ 80769 ಎಂದು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಡೆನ್ಸಿಟಿಯನ್ನು ಕೆಜಿ ಲೆಕ್ಕದಲ್ಲಿ 7.85-6 ಎಂದು ಕೊಟ್ಟರೆ ತೂಕ ಸಾವಿರ ಪಟ್ಟು ಏರುತ್ತದೆ, ಫ್ರೀಕ್ವೆನ್ಸಿ ಸಾವಿರದ ವರ್ಗಮೂಲದಷ್ಟು, ಅಂದರೆ ಸುಮಾರು 31.6 ಪಟ್ಟು, ಇಳಿಯುತ್ತದೆ. 30 ಹರ್ಟ್ಸ್ ಬರಬೇಕಾದ ಕಡೆ 0.95 ಬರುವುದು ಹೀಗೆ. ನಿಮ್ಮ ಸಂಖ್ಯೆಗೆ ಇದು ತುಂಬ ಹತ್ತಿರ.

ಇನ್ನೊಂದು ಸಣ್ಣ ವಿಷಯ: ದಶಮಾಂಶ ಬೇಕಾದ ಕಡೆ ಚುಕ್ಕೆ ಕಡ್ಡಾಯ. ಕಾರ್ಡನ್ನು ಕೈಯಲ್ಲಿ ತಿದ್ದುವಾಗ ದಪ್ಪದ ಜಾಗದಲ್ಲಿ 6 ಎಂದು ಬರೆದರೆ ಫೇಟಲ್ ಎರರ್ (ರನ್ ಅಲ್ಲೇ ನಿಲ್ಲುವ ತಪ್ಪು), 6. ಎಂದರೆ ಸರಿ.

ಈಗ ಪ್ಲೇಟು. ಕಾಮಾ ಹಾಕಿ ಬರೆಯುವ ಫ್ರೀ ಫಾರ್ಮ್ಯಾಟ್‌ನಲ್ಲಿ ಕಾರ್ಡು ಹೀಗಿರಬೇಕು:

ಪಿಶೆಲ್,10,1,6.,1,,1

ಕ್ರಮವಾಗಿ ಪ್ರಾಪರ್ಟಿ ಸಂಖ್ಯೆ, ಮೆಂಬ್ರೇನ್‌ಗೆ (ಪ್ಲೇಟಿನ ಸಮತಲದಲ್ಲೇ ಆಗುವ ಎಳೆತಕ್ಕೆ) ಮಟೀರಿಯಲ್, ದಪ್ಪ, ಬೆಂಡಿಂಗ್‌ಗೆ ಮಟೀರಿಯಲ್, ಬೆಂಡಿಂಗ್ ಇನರ್ಷಿಯಾದ (ಆಕಾರ ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎನ್ನುವ ಅಳತೆಯ) ಅನುಪಾತ (ಖಾಲಿ), ಅಡ್ಡ ಶಿಯರ್‌ಗೆ ಮಟೀರಿಯಲ್. ಒಂದೇ ಉಕ್ಕನ್ನು ಮೂರು ಸಲ ಹೇಳುವುದು ವಿಚಿತ್ರ ಅನ್ನಿಸಬಹುದು, ಆದರೆ ಮೂರಕ್ಕೂ ಬೇರೆ ಬೇರೆ ಕೆಲಸ. ಬೆಂಡಿಂಗ್ ಮಟೀರಿಯಲ್ ಬಿಟ್ಟರೆ ಪ್ಲೇಟು ಬಿಗಿದು ಕಟ್ಟದ ಟಾರ್ಪಾಲಿನಂತೆ, ಎಳೆದರೆ ತಡೆಯುತ್ತದೆ, ಒತ್ತಿದರೆ ತಡೆಯುವುದಿಲ್ಲ. ಕೆಟ್ಟದ್ದೆಂದರೆ ಪ್ಲೇಟು ಸಪಾಟಾಗಿದ್ದಾಗ ನಾಸ್ಟ್ರಾನಿನ ಆಟೋಎಸ್‌ಪಿಸಿ ಸೌಲಭ್ಯ ಆ ಬಿಗಿತವಿಲ್ಲದ ದಿಕ್ಕನ್ನು ಸದ್ದಿಲ್ಲದೆ ಕಟ್ಟಿಹಾಕಿಬಿಡುತ್ತದೆ. ಪ್ಲೇಟಿನ ನಡುವೆ ಡಿಫ್ಲೆಕ್ಷನ್ ಸೊನ್ನೆ ಕಾಣುತ್ತದೆ, ನೋಡಿದವರು "ಪ್ಲೇಟು ಗಟ್ಟಿಯಾಗಿದೆ" ಎಂದುಕೊಳ್ಳುತ್ತಾರೆ. ಫಲಿತಾಂಶದ ಎಫ್06 ಫೈಲಿನಲ್ಲಿ ಗ್ರಿಡ್ ಪಾಯಿಂಟ್ ಸಿಂಗ್ಯುಲಾರಿಟಿ ಟೇಬಲ್ (ಹೀಗೆ ಬಿಗಿತವಿಲ್ಲದ ಬಿಂದುಗಳ ಪಟ್ಟಿ) ಉದ್ದಕ್ಕೆ ಬಂದಿದ್ದರೆ ಇದೇ ಸುಳಿವು. ಮೂರನೆಯ ಮಟೀರಿಯಲ್ ಬಿಟ್ಟರೆ ಶಿಯರ್ ಬಿಗಿತ ಅನಂತ. 6 ಮಿಮೀ ಪ್ಲೇಟಿಗೆ ಅದರಿಂದ ಏನೂ ಆಗದು, ಹನಿಕೋಂಬ್ (ಜೇನುಗೂಡಿನಂಥ ತಿರುಳಿನ) ಪ್ಯಾನೆಲ್‌ಗಾದರೆ ಉತ್ತರವೇ ಕೆಡುತ್ತದೆ.

ಇನರ್ಷಿಯಾ ಅನುಪಾತದ ಜಾಗ ಖಾಲಿಯಿದ್ದರೆ 1.0. ಅಲ್ಲಿ ನೇರವಾಗಿ ಇನರ್ಷಿಯಾ ತುಂಬುವವರಿದ್ದಾರೆ, ದಯವಿಟ್ಟು ಮುಟ್ಟಬೇಡಿ. ಇನ್ನು, ಪಿಶೆಲ್‌ನಲ್ಲಿ ದಪ್ಪ ಬದಲಿಸಿದರೂ ಫಲಿತಾಂಶ ಬದಲಾಗದಿದ್ದರೆ ಸಿಕ್ವಾಡ್4 (ನಾಲ್ಕು ಮೂಲೆಯ ಶೆಲ್ ಎಲಿಮೆಂಟಿನ) ಸಾಲುಗಳನ್ನು ನೋಡಿ. ಮೂಲೆಗಳ ದಪ್ಪ ಅಲ್ಲಿ ಬರೆದಿದ್ದರೆ ಅದೇ ಗೆಲ್ಲುತ್ತದೆ.

ಟ್ಯೂಬು ನಿಮ್ಮ ಮಾಡೆಲಿನ ನಿಜವಾದ ತಲೆನೋವು. 100×50×4ಕ್ಕೆ, ಮೂಲೆಯ ದುಂಡನ್ನು ಲೆಕ್ಕಿಸದೆ, ವಿಸ್ತೀರ್ಣ 1136 ಮಿಮೀ², ಎತ್ತರದ ದಿಕ್ಕಿನ ಇನರ್ಷಿಯಾ 14.41 ಲಕ್ಷ ಮಿಮೀ⁴, ಅಡ್ಡ ದಿಕ್ಕಿನದು 4.74 ಲಕ್ಷ, ತಿರುಚು ಸ್ಥಿರಾಂಕ ಸುಮಾರು 10.99 ಲಕ್ಷ. ಈ ಕೊನೆಯದರಲ್ಲಿ ಬಹಳ ಜನ ಎಡವುತ್ತಾರೆ: ಎರಡು ಇನರ್ಷಿಯಾ ಕೂಡಿಸಿ 19.15 ಲಕ್ಷ ಎಂದು ತುಂಬುತ್ತಾರೆ. ಹಾಗೆ ಕೂಡಿಸುವುದು ದುಂಡು ಶಾಫ್ಟು, ದುಂಡು ಪೈಪಿಗೆ ಮಾತ್ರ ಸರಿ. ನಿಮ್ಮಂಥ ಮುಚ್ಚಿದ ಟ್ಯೂಬಿನಲ್ಲಿ ತಪ್ಪು ಎರಡು ಪಟ್ಟಿನೊಳಗೆ ನಿಲ್ಲುತ್ತದೆ. ಅದೇ 100×50×5 ಮಡಚಿದ ಸಿ-ಚಾನೆಲ್ ಆಗಿದ್ದರೆ ನಿಜವಾದ ಸ್ಥಿರಾಂಕ ಸುಮಾರು 7900 ಮಿಮೀ⁴, ಕೂಡಿಸಿದ ಮೊತ್ತ 16.6 ಲಕ್ಷ. ಇನ್ನೂರು ಪಟ್ಟು ತಪ್ಪು.

ಪಿಬಾರ್‌ನ ಎರಡನೇ ಸಾಲಿನಲ್ಲಿ ಇರುವುದು ಸ್ಟ್ರೆಸ್ ಬೇಕಾದ ನಾಲ್ಕು ಬಿಂದುಗಳ ಸ್ಥಾನ. ನಿಮ್ಮ ಟ್ಯೂಬಿಗೆ (50, 25), (-50, 25), (-50, -25), (50, -25), ಮೊದಲು ಎತ್ತರದ ಅಕ್ಷ, ಆಮೇಲೆ ಅಡ್ಡ. ಖಾಲಿ ಬಿಟ್ಟರೆ ನಾಲ್ಕೂ ಬಿಂದು ಟ್ಯೂಬಿನ ನಡುಮಧ್ಯದಲ್ಲಿವೆ ಎಂದೇ ಅರ್ಥ, ಅಲ್ಲಿ ಬೆಂಡಿಂಗ್ ಸ್ಟ್ರೆಸ್ ಸೊನ್ನೆಯೇ. ಸಾಲ್ವರ್ ತಪ್ಪೇನೂ ಹೇಳಿಲ್ಲ.

ನಾನಾದರೆ ಇಲ್ಲಿ ಪಿಬಾರ್ ಬಿಟ್ಟು ಪಿಬಾರ್‌ಎಲ್ ಹಾಕುತ್ತೇನೆ. ಅಳತೆ ಕೊಟ್ಟರೆ ಸಾಕು, ಉಳಿದದ್ದನ್ನೂ ಸ್ಟ್ರೆಸ್ ಬಿಂದುಗಳನ್ನೂ ಅದೇ ಲೆಕ್ಕ ಹಾಕುತ್ತದೆ:

ಪಿಬಾರ್‌ಎಲ್,20,1,,ಬಾಕ್ಸ್
,50.,100.,4.,4.

ಮೊದಲು ಅಗಲ, ಆಮೇಲೆ ಎತ್ತರ. ದುಂಡು ಪೈಪಿಗೆ ಟ್ಯೂಬ್ ಎಂಬ ಬಗೆ ಆರಿಸಿದಾಗ ಕೊಡಬೇಕಾದದ್ದು ಹೊರ ಮತ್ತು ಒಳ ತ್ರಿಜ್ಯ, ವ್ಯಾಸ ಅಲ್ಲ. (ಕಾರ್ಡಿನ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು.)

ಪ್ರಾಪರ್ಟಿ ಸರಿಯಿದ್ದರೂ ಟ್ಯೂಬು ಅಡ್ಡ ಮಲಗಿರಬಹುದು. ಯಾವ ಕಡೆ ಎತ್ತರ ಎಂದು ಹೇಳುವುದು ಸಿಬಾರ್ ಎಲಿಮೆಂಟಿನ ಓರಿಯೆಂಟೇಷನ್ ವೆಕ್ಟರ್. ನೆಲಕ್ಕೆ ಸಮಾಂತರವಾಗಿರುವ ಟ್ಯೂಬುಗಳಿಗೆ ಅದು ಮೇಲ್ಮುಖವಾಗಿ (0, 0, 1) ಇರಲಿ. ಫ್ರೇಮಿಗೆ ನೆಟ್ಟಗೆ ನಿಂತ ಕಾಲುಗಳಿದ್ದು ಅವಕ್ಕೂ ಅದನ್ನೇ ಕೊಟ್ಟರೆ ವೆಕ್ಟರ್ ಎಲಿಮೆಂಟಿನ ಉದ್ದಕ್ಕೇ ಬಿದ್ದು ಫೇಟಲ್ ಬರುತ್ತದೆ. ಕಾಲುಗಳಿಗೆ (1, 0, 0) ಅಥವಾ (0, 1, 0) ಕೊಡಿ. ಪ್ರೀಪ್ರೊಸೆಸರಿನಲ್ಲಿ ಬೀಮ್‌ಗಳ ಮೂರು ಆಯಾಮದ ಆಕಾರ ತೋರಿಸುವ ಆಯ್ಕೆ ಹಾಕಿ ಕಣ್ಣಾರೆ ನೋಡುವುದು ಒಳ್ಳೆಯದು.

ಪ್ಲೇಟಿನ ನೋಡುಗಳನ್ನೇ (ಎಲಿಮೆಂಟುಗಳು ಸೇರುವ ಬಿಂದುಗಳನ್ನೇ) ಟ್ಯೂಬಿಗೂ ಬಳಸಿದ್ದರೆ ಆಫ್‌ಸೆಟ್, ಅಂದರೆ ಟ್ಯೂಬನ್ನು ಆ ಬಿಂದುಗಳಿಂದ ಸರಿಸಿ ಇಡುವ ಅಂತರ, ಬೇಕು. ಪ್ಲೇಟಿನ ಮಧ್ಯತಲದಿಂದ ಟ್ಯೂಬಿನ ನಡುವಿಗೆ 3 ಮತ್ತು 50 ಸೇರಿ 53 ಮಿಮೀ. ಮೇಲ್ಮುಖ ಜೆಡ್ ಆದರೆ ಎರಡೂ ತುದಿಗೆ -53. ಇದಿಲ್ಲದೆ ಟ್ಯೂಬು ಪ್ಲೇಟಿನೊಳಗೇ ಹೂತಂತಾಗಿ, ಎರಡೂ ಸೇರಿ ಕೊಡಬೇಕಾದ ಬಿಗಿತದಲ್ಲಿ ದೊಡ್ಡ ಪಾಲು ಕಳೆದುಹೋಗುತ್ತದೆ.

ಪ್ಲೇಟಿನ ಮೇಲೆ ರಬ್ಬರ್ ಮ್ಯಾಟ್ ಇದ್ದರೆ ಡೆನ್ಸಿಟಿ ತಿರುಚುವ ಬದಲು ನಾನ್‌ಸ್ಟ್ರಕ್ಚರಲ್ ಮಾಸ್ ಜಾಗ ಬಳಸಿ. ಪಿಶೆಲ್‌ನಲ್ಲಿ ಅದು ಪ್ರತಿ ಮಿಮೀ²ಗೆ ಟನ್, ಪಿಬಾರ್‌ನಲ್ಲಿ ಪ್ರತಿ ಮಿಮೀಗೆ ಟನ್. ಪ್ರತಿ ಚದರ ಮೀಟರಿಗೆ 5 ಕೆಜಿ ಎಂದರೆ 5.-9.

ಎಲ್ಲ ತುಂಬಿದ ಮೇಲೆ ಪೂರ್ತಿ ಮಾಡೆಲ್ ಓಡಿಸುವ ಮೊದಲು ಎರಡು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಒಂದು, 1000 ಮಿಮೀ ಉದ್ದದ ಅದೇ ಟ್ಯೂಬು, ಒಂದು ತುದಿ ಬಿಗಿದು ಇನ್ನೊಂದು ತುದಿಗೆ ಕೆಳಮುಖ 1000 ನ್ಯೂಟನ್. ತುದಿ 1.10 ಮಿಮೀ ಇಳಿಯಬೇಕು, ಬುಡದಲ್ಲಿ ಸ್ಟ್ರೆಸ್ 34.7 ಮೆಗಾಪ್ಯಾಸ್ಕಲ್ ಬರಬೇಕು. ಶಿಯರ್‌ನ ಪಾಲು ಸೇರಿದರೆ ಕೂದಲೆಳೆಯಷ್ಟು ಹೆಚ್ಚಬಹುದು. ತುದಿ 3.35 ಮಿಮೀ ಇಳಿದರೆ ಟ್ಯೂಬು ಅಡ್ಡ ಮಲಗಿದೆ. ಎರಡು, ಜಿಆರ್‌ಡಿಪಿಎನ್‌ಟಿ ಪ್ಯಾರಾಮೀಟರಿಗೆ 0 ಕೊಟ್ಟು ಎಫ್06ರಲ್ಲಿ ಒಟ್ಟು ತೂಕ ನೋಡಿ. ಟ್ಯೂಬು ಮೀಟರಿಗೆ 8.92 ಕೆಜಿ, ಪ್ಲೇಟು ಚದರ ಮೀಟರಿಗೆ 47.1 ಕೆಜಿ, ಫೈಲಿನಲ್ಲಿ ಟನ್ ಲೆಕ್ಕದಲ್ಲಿ 0.00892, 0.0471 ಎಂದು ಕಾಣುತ್ತದೆ. ನಿಜವಾದ ಟ್ಯೂಬಿನ ಮೂಲೆ ದುಂಡಗಿರುವುದರಿಂದ ಕೆಟಲಾಗಿನಲ್ಲಿ ತುಸು ಕಡಿಮೆ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಡೆನ್ಸಿಟಿ 7.85-9 ಇದ್ದೂ ಫ್ರೀಕ್ವೆನ್ಸಿ ಹಾಗೇ ಇದ್ದರೆ ಮೋಟಾರಿನ ಕಾನ್‌ಎಂ2 (ಒಂದು ಬಿಂದುವಿನಲ್ಲಿ ದ್ರವ್ಯರಾಶಿ ಇಡುವ) ಕಾರ್ಡು ತೆರೆದು ನೋಡಿ. ಅಲ್ಲಿ 0.045 ಇರಬೇಕು. 45. ಎಂದಿದ್ದರೆ ಆ ಫ್ರೇಮು ಹೊತ್ತಿರುವುದು 45 ಟನ್ ಮೋಟಾರನ್ನು.