ಗರ್ಭಕೋಶ ಜಾರಿದೆ ಅಂದರು, ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ಸರಿಹೋಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 49, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ, ಗರ್ಭಕೋಶ ಜಾರಿದೆ, ಎರಡನೇ ಹಂತ (ಅಂದರೆ ಯೋನಿಯ ಬಾಯಿಯ ಹತ್ತಿರದವರೆಗೆ ಇಳಿದಿದೆ) ಅಂತ ಡಾಕ್ಟರ್ ಹೇಳಿದ್ದಾರೆ, ಫಿಸಿಯೋಥೆರಪಿ ಮಾಡಿಸಿದರೆ ವಾಸಿಯಾಗುತ್ತಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಿಮ್ಮ ಹಾಗೇ ಎರಡನೇ ಹಂತದವಳು, ಮಂಡ್ಯ ಪಕ್ಕದ ಹಳ್ಳಿಯವಳು, ಈಗ 53. ಮೊದಲೇ ಹೇಳಿಬಿಡುತ್ತೇನೆ: ಜಾರಿದ್ದು ಪೂರ್ತಿ ಮೇಲೆ ಹೋಗಿ ಕೂತಿಲ್ಲ. ಆದರೆ ಆಪರೇಷನ್ನೂ ಮಾಡಿಸಿಕೊಂಡಿಲ್ಲ. ದಿನದ ಬಹುಪಾಲು ಅದೊಂದು ಇದೆ ಅನ್ನೋದೇ ಮರೆತಿರುತ್ತೇನೆ.

ನನಗೆ ಗೊತ್ತಾಗಿದ್ದು ಒಂದು ಸಂಜೆ. ಮನೆಯಲ್ಲಿ ಎರಡು ಹಸು ಇವೆ. ಹೈಸ್ಕೂಲ್ ಆಫೀಸಿನ ಕೆಲಸ ಮುಗಿಸಿ ಬಂದು, ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ತಂದು ಹಾಕಿದ್ದೆ. ಬಚ್ಚಲಲ್ಲಿ ತೊಳೆದುಕೊಳ್ಳುವಾಗ ಕೈಗೆ ಏನೋ ದುಂಡಗೆ, ಮೆತ್ತಗೆ ಸಿಕ್ಕಿತು. ಒಂದು ನಿಂಬೆಹಣ್ಣಿನಷ್ಟು. ಗೆಡ್ಡೆಯೇ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಗ್ಗೆ ನೋಡಿದರೆ ಮಾಯ! ಮಲಗಿದರೆ ಒಳಗೆ ಹೋಗುತ್ತೆ, ನಿಂತು ದುಡಿದರೆ ಇಳಿಯುತ್ತೆ, ಇದರ ಚಾಳಿಯೇ ಹಾಗೆ ಎಂದು ಆಮೇಲೆ ತಿಳಿಯಿತು.

ಮೊದಲು ತೋರಿಸಿದ ಕಡೆ ಎರಡೇ ನಿಮಿಷ. "ಮಕ್ಕಳಾಗಿವೆ, ಮುಟ್ಟೂ ನಿಲ್ತಾ ಇದೆ, ಇನ್ನೇನಕ್ಕೆ ಇಟ್ಕೊಂಡಿರ್ತೀರಾ, ತೆಗೆಸಿಬಿಡಿ" ಅಂದರು. ಹಳೇ ಪಾತ್ರೆ ಗುಜರಿಗೆ ಹಾಕಿ ಅಂದ ಹಾಗೆ. ಯಾವ ಹಂತ, ಜಾರಿರೋದು ಏನು, ಒಂದೂ ಹೇಳಲಿಲ್ಲ. ನನಗೆ ಜಾಸ್ತಿ ಇಳಿದಿದ್ದು ಗರ್ಭಕೋಶವೇ ಅಲ್ಲ, ಯೋನಿಯ ಮುಂದಿನ ಗೋಡೆಯ ಜೊತೆ ಮೂತ್ರಚೀಲ. ನಾವು ಎಲ್ಲದಕ್ಕೂ ಗರ್ಭಕೋಶ ಜಾರಿದೆ ಅಂತಲೇ ಅಂದುಬಿಡುತ್ತೇವೆ ಅಲ್ವಾ.

ಗರ್ಭಕೋಶ, ಮೂತ್ರಚೀಲ, ಹಿಂದಿನ ಮಲದ ಚೀಲ, ಇವು ಮೂರನ್ನೂ ಕೆಳಗಿನಿಂದ ಹೊತ್ತಿರೋದು ಮಾಂಸಖಂಡದ ಒಂದು ಜೋಲಿ, ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಅನ್ನೋದು ಇದನ್ನೇ. ಮಗು ಮಲಗಿಸೋ ಸೀರೆ ಜೋಲಿಯನ್ನೇ ನೆನೆಸಿಕೊಳ್ಳಿ. ಹೆರಿಗೆಯಲ್ಲಿ ಅದು ಹಿಗ್ಗಿರುತ್ತೆ, ಕೆಲವರಿಗೆ ಹರಿದೂ ಇರುತ್ತೆ. ವಯಸ್ಸಿದ್ದಾಗ ಹೇಗೋ ನಡೆಯುತ್ತೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದು ಅಲ್ಲಿನ ಚರ್ಮ, ನಾರು ಎಲ್ಲ ತೆಳುವಾಗುತ್ತೆ. ಇಪ್ಪತ್ತೈದು ವರ್ಷದ ಹಿಂದಿನ ಹೆರಿಗೆಯ ಲೆಕ್ಕ ಆಗ ಹೊರಗೆ ಬರುತ್ತೆ. ಅದರ ಜೊತೆ ಭಾರ ಎತ್ತೋದು, ಹಳೇ ಕೆಮ್ಮು, ಮಲಬದ್ಧತೆ ಸೇರಿದರೆ ಕೇಳಲೇಬೇಡಿ.

ಆಪರೇಷನ್ ಅಂದಿದ್ದಕ್ಕೆ ಹೆದರಿ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಕೆಗೆಲ್ ವ್ಯಾಯಾಮ, ಅಂದರೆ ಆ ಜೋಲಿಯನ್ನು ಬಿಗಿದು ಬಿಡೋದು, ಶುರು ಮಾಡಿದೆ. ನಾಲ್ಕು ತಿಂಗಳು, ಒಂದು ದಿನವೂ ಬಿಡದೆ. ಇನ್ನೂ ಜಾಸ್ತಿಯಾಯಿತು. ಕೊನೆಗೆ ಮೈಸೂರಿನ ನಾದಿನಿ ಅಲ್ಲಿ ಬೇರೆ ಡಾಕ್ಟರಿಗೆ ತೋರಿಸಿದಳು. ಅವರು ಸರಿಯಾಗಿ ನೋಡಿ, ಚೀಟಿಯಲ್ಲಿ ಹಂತ ಬರೆದು, ಒಬ್ಬ ಲೇಡಿ ಫಿಸಿಯೋ ಹತ್ತಿರ ಕಳಿಸಿದರು.

ಆ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಬಾಗಿಲು ಹಾಕಿ, ಪರದೆ ಎಳೆದು, ಏನು ಮಾಡುತ್ತೇನೆ ಎಂದು ಮೊದಲೇ ಹೇಳಿ, ನಾನು ಹೂಂ ಅಂದ ಮೇಲೆಯೇ ಗ್ಲೌಸ್ ಹಾಕಿಕೊಂಡು ಒಂದು ಬೆರಳಿಟ್ಟು ಪರೀಕ್ಷೆ ಮಾಡಿದರು. "ಈಗ ಬಿಗಿ ಮಾಡಿ ಅಮ್ಮ" ಅಂದರು. ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಎಳೀತಾ ಇಲ್ಲ, ತಳ್ತಾ ಇದೀರಾ" ಅಂದರು. ನಾಲ್ಕು ತಿಂಗಳು ನಾನು ಮಾಡಿದ್ದು ಪೂರಾ ಉಲ್ಟಾ! ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಜಾರಿದ್ದನ್ನು ಇನ್ನೂ ಕೆಳಗೆ ನೂಕುತ್ತಿದ್ದೆ. ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರಂತೆ. ಬಿಗಿಯುವ ಶಕ್ತಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ನನಗೆ ಸಿಕ್ಕಿದ್ದು ಒಂದು. ಮಕ್ಕಳ ಮಾರ್ಕ್ಸ್ ಕಾರ್ಡ್ ಬರೆಯುವ ಕೈಗೆ ಫೇಲ್ ಮಾರ್ಕು.

ಸರಿಯಾದ ರೀತಿ ಅವರು ಹೇಳಿಕೊಟ್ಟಿದ್ದು ಹೀಗೆ. ತುಂಬಿದ ಬಸ್ಸಿನಲ್ಲಿ ಗ್ಯಾಸ್ ಬಂದರೆ ಹೇಗೆ ತಡೆಯುತ್ತೀರಿ, ಹಾಗೆ ಹಿಂದಿನಿಂದ ಶುರು ಮಾಡಿ, ಹಾಗೇ ಮುಂದಕ್ಕೆ, ಆಮೇಲೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. ಕುಂಡೆ, ತೊಡೆ ಬಿಗಿಯಾಗಬಾರದು. ಉಸಿರು ನಡೀತಾ ಇರಬೇಕು. ನನಗೆ ಮೊದಮೊದಲು ಮೂರು ಎಣಿಸುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಮೂರು ಎಣಿಸಿ ಹಿಡಿ, ಅಷ್ಟೇ ಹೊತ್ತು ಬಿಡು, ಎಂಟು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ತಿಂಗಳು ಮಲಗಿಕೊಂಡೇ, ಸೊಂಟದ ಕೆಳಗೆ ದಿಂಬು ಇಟ್ಟು. ಆಮೇಲೆ ಕೂತು, ಆಮೇಲೆ ನಿಂತು. ಹಿಡಿಯೋದು ನಿಧಾನಕ್ಕೆ ಹತ್ತು ಎಣಿಕೆಯವರೆಗೆ ಬಂತು, ಕೊನೆಗೆ ಪಟಪಟ ಅಂತ ಹತ್ತು ಸಲ ಬಿಗಿದು ಬಿಡೋದೂ ಸೇರಿತು. ಬಿಡೋದೂ ವ್ಯಾಯಾಮವೇ, ಪೂರ್ತಿ ಸಡಿಲ ಆಗಬೇಕು. ಮೂತ್ರ ಮಾಡುವಾಗ ಮಧ್ಯದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಕೆಲವರು ಹೇಳುತ್ತಾರೆ, ಅದು ಬೇಡ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇನ್ನೊಂದು ಮಾತು: ಭಾರ ಎತ್ತೋ ಮುಂಚೆ, ಕೆಮ್ಮೋ ಮುಂಚೆ, ಸೀನೋ ಮುಂಚೆ ಬಿಗಿ ಮಾಡಿಕೊಳ್ಳಿ, ಎತ್ತುವಾಗ ಉಸಿರು ಹೊರಗೆ ಬಿಡಿ. ಮನೆಯಲ್ಲಿ ಏನೇನು ಕೆಲಸ ಎಂದು ಒಂದೊಂದಾಗಿ ಕೇಳಿದರು. ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಎಲ್ಲ ಹೇಳಿದೆ. ಮುದ್ದೆ ಹೇಗೆ ತೊಳಸುತ್ತೀರಿ ಅಂದರು. ನಗು ಬಂತು. ಆದರೆ ಅಲ್ಲೇ ಎದ್ದು ಮಾಡಿ ತೋರಿಸಿದಾಗ ಗೊತ್ತಾಯಿತು, ಐದು ಜನರ ಹಿಟ್ಟು ತೊಳಸುವಾಗ ಹಲ್ಲು ಕಚ್ಚಿ, ಉಸಿರು ಕಟ್ಟಿ, ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕುತ್ತೇನೆ, ಅದೂ ದಿನಕ್ಕೆ ಎರಡು ಸಲ. ಈಗ ಒಂದೊಂದು ತಿರುವಿಗೆ ಉಸಿರು ಬಿಡುತ್ತೇನೆ. ಹೊರೆ ಅರ್ಧರ್ಧ ಮಾಡಿ ತರುತ್ತೇನೆ. ಕ್ಯಾನ್ ಡೈರಿಗೆ ಹೋಗೋದು ಯಜಮಾನರ ಸ್ಕೂಟರಿನಲ್ಲಿ. ಅವರಿಗೆ ಕಾರಣ ಹೇಳೋಕೆ ಮೂರು ವಾರ ಬೇಕಾಯಿತು, ಅದು ಬೇರೆ ಕಥೆ.

ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಮುಕ್ಕಿ ಮುಕ್ಕಿ ಕೂತರೆ ಒಂದು ವಾರದ ವ್ಯಾಯಾಮ ಒಂದು ಬೆಳಗ್ಗೆ ನೀರಿಗೆ ಹೋಗುತ್ತೆ. ಸೊಪ್ಪು, ನೀರು ಜಾಸ್ತಿ ಮಾಡಿ. ವೆಸ್ಟರ್ನ್ ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಹಾಕಿಕೊಳ್ಳಿ.

ಫಲ ಎಷ್ಟು ದಿನಕ್ಕೆ ಸಿಗುತ್ತೆ? ನನಗೆ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳು ಸಂಜೆಯ ಎಳೆತ ಕಮ್ಮಿಯಾಯಿತು, ಸೀನಿದರೆ ಮೂತ್ರ ಹನಿಯೋದು ನಿಂತಿತು. ನಾಲ್ಕು ತಿಂಗಳಲ್ಲಿ ಆರು ಸಲ ಹೋಗಿ ಬಂದೆ. ಕೊನೇ ಸಲ ಅಂಕ ಮೂರು. ಶಕ್ತಿ ಯೋಜನೆ ಇರೋದರಿಂದ ಮಂಡ್ಯದಿಂದ ಮೈಸೂರಿಗೆ ಬಸ್ ಚಾರ್ಜ್ ಇಲ್ಲ, ಇಲ್ಲದಿದ್ದರೆ ಎರಡನೇ ಸಲಕ್ಕೇ ಬಿಟ್ಟುಬಿಡುತ್ತಿದ್ದೆನೋ ಏನೋ. ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. 2014ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಒಂದರಿಂದ ಮೂರನೇ ಹಂತದ 447 ಹೆಂಗಸರಲ್ಲಿ ಅರ್ಧ ಜನಕ್ಕೆ ಫಿಸಿಯೋ ಹತ್ತಿರ ಒಬ್ಬೊಬ್ಬರಿಗೇ ಹೇಳಿಕೊಡಿಸಿದರು, ಉಳಿದವರಿಗೆ ಸಲಹೆಯ ಹಾಳೆ ಮಾತ್ರ. ಒಂದು ವರ್ಷದ ನಂತರ ಕಲಿತವರ ತೊಂದರೆ ಕಮ್ಮಿಯಾಗಿತ್ತು. ಬ್ರಿಟನ್ನಿನ 2019ರ ಮಾರ್ಗಸೂಚಿಯೂ ನಿಮ್ಮಂಥ ಎರಡನೇ ಹಂತದವರಿಗೆ ಮೊದಲು ಕನಿಷ್ಠ 16 ವಾರ ಇದನ್ನೇ ಮಾಡಿಸಿ ನೋಡಿ ಅನ್ನುತ್ತೆ.

ಹಾಗಂತ ಇದು ಎಲ್ಲದಕ್ಕೂ ಮದ್ದಲ್ಲ. ಪೂರ್ತಿ ಹೊರಗೆ ಬಂದಿದ್ದನ್ನು ವ್ಯಾಯಾಮ ಒಳಗೆ ಹಾಕಲ್ಲ. ನಮ್ಮ ಚಿಕ್ಕಮ್ಮನಿಗೆ ಮೂರನೇ ಹಂತ, ಹಾರ್ಟ್ ತೊಂದರೆ ಬೇರೆ. ಅವರಿಗೆ ಡಾಕ್ಟರ್ ಜಾರಿದ್ದನ್ನು ಒಳಗೇ ತಡೆದು ಹಿಡಿಯುವ ಸಿಲಿಕೋನ್ ಬಳೆಯಂಥ ಪೆಸರಿ ಅಳತೆ ನೋಡಿ ಹಾಕಿದ್ದಾರೆ. ಆಗಾಗ ತೆಗೆದು ತೊಳೆಯಬೇಕು, ಅಷ್ಟೇ. ಅಲ್ಲಿ ಒಣಗಿ ಉರಿಯುತ್ತಿದ್ದರೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೇಳಿ ನೋಡಿ, ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ಆಪರೇಷನ್ ಬೇಕಾದವರಿಗೆ ಬೇಕೇ ಬೇಕು. ಆದರೆ ಗರ್ಭಕೋಶ ತೆಗೆಸಿದರೆ ಮುಗೀತು ಅನ್ನೋದು ಸುಳ್ಳು. ತೆಗೆದ ಮೇಲೂ ಮೂತ್ರಚೀಲ, ಯೋನಿಯ ಮೇಲ್ಭಾಗ ಜಾರಬಹುದು. ಮೂತ್ರ ಕಟ್ಟಿಕೊಂಡರೆ, ಜಾರಿದ ಜಾಗ ಹುಣ್ಣಾದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವ್ಯಾಯಾಮ ಅಂತ ಕೂರಬೇಡಿ, ಅವತ್ತೇ ತೋರಿಸಿ.

ಎಲ್ಲಿ ಹೋಗೋದು ಅಂದರೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಹೆಂಗಸರಿಗೆ ಮಕ್ಕಳಿಗೆ ಅಂತಲೇ ಇರುವ ಸರ್ಕಾರಿ ಆಸ್ಪತ್ರೆ, ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಹಂತ ಗೊತ್ತುಮಾಡಿಕೊಳ್ಳೋಕೆ ಅಲ್ಲಿಂದ ಶುರು ಮಾಡಬಹುದು. ಫಿಸಿಯೋಥೆರಪಿ ಕಾಲೇಜು ಇರುವ ದೊಡ್ಡ ಆಸ್ಪತ್ರೆಗಳಲ್ಲೂ ವಿಚಾರಿಸಿ. "ಪೆಲ್ವಿಕ್ ಫ್ಲೋರ್ ನೋಡೋ ಲೇಡಿ ಫಿಸಿಯೋ ಇದಾರಾ" ಅಂತಲೇ ಕೇಳಿ. ಬರೀ ಫಿಸಿಯೋ ಅಂದರೆ ಮಂಡಿನೋವಿನ ಸಾಲಿನಲ್ಲಿ ಕೂರಿಸುತ್ತಾರೆ. ಮುಟ್ಟಿ ಪರೀಕ್ಷೆ ಮಾಡದೆ ಹಾಳೆ ಕೊಟ್ಟು ಕಳಿಸಿದರೆ ಬೇರೆಯವರನ್ನು ಹುಡುಕಿ.

ಆದರೆ ಮಧ್ಯಾಹ್ನದ ಮೇಲೆ ಹೋಗಿ. ಬೆಳಗ್ಗೆ ಎದ್ದ ಹೊಸತರಲ್ಲಿ ಎಲ್ಲ ಮೇಲೆ ಕೂತಿರುತ್ತೆ, ಏನೂ ಇಲ್ಲವಲ್ಲ ಅಂದುಬಿಡುತ್ತಾರೆ. ಮಲಗಿಸಿ ನೋಡಿದ ಮೇಲೆ ಒಂದು ಸಲ ಮುಕ್ಕಿಸಿಯೋ ನಿಲ್ಲಿಸಿಯೋ ನೋಡಿ ಎಂದು ನೀವೇ ಬಾಯಿಬಿಟ್ಟು ಕೇಳಿ.